ಕೀಟ, ಕೀಟಭಕ್ಷಕ ಮತ್ತು ಗಣಿತ
(ಉಪನ್ಯಾಸ)



ಹುಳುವನ್ನು ಕೊಲ್ಲುವ ಮದ್ದಿನಿಂದಲೇ ಹುಳು ಹೆಚ್ಚುವುದುಂಟೆ? ಗಣಿತವು ಉಂಟೆನ್ನುತ್ತದೆ, ಕ್ಯಾಲಿಫೋರ್ನಿಯದ ಕಿತ್ತಳೆಯ ತೋಟಗಳು ಅದಕ್ಕೆ ಸಾಕ್ಷಿ ನುಡಿದಿವೆ.

ಆಸ್ಟ್ರೇಲಿಯದಿಂದ ಬಂದ, ಅರಳೆಯಂಥ ಬಿಳಿಯ ಮೊಟ್ಟೆಚೀಲವನ್ನು ಹೊತ್ತ ಶಲ್ಕಕೀಟವೊಂದು 1880ರ ದಶಕದಲ್ಲಿ ಆ ತೋಟಗಳನ್ನು ವಿನಾಶದ ಅಂಚಿಗೆ ತಂದಿದ್ದಿತು. 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬಾತನು ಅದರ ತವರಿಗೇ ಹೋಗಿ, ಅದನ್ನು ತಿನ್ನುವ ಗುಲಗಂಜಿ ಹುಳುಗಳನ್ನು ಕಳುಹಿಸಿಕೊಟ್ಟನು. ಎರಡು ವರ್ಷ ತುಂಬುವುದರೊಳಗೆ ತೋಟಗಳು ಉಳಿದುಕೊಂಡವು.

ಇಂಥ ಭಕ್ಷ್ಯ-ಭಕ್ಷಕರ ಲೆಕ್ಕವನ್ನು ಇಟಲಿಯ ವೀಟೋ ವೋಲ್ಟೆರಾ 1926ರಲ್ಲಿ ಬಿಡಿಸಿದನು. ಹುಳುವಿಗಾಗಿ ಅಲ್ಲ, ಮೀನಿಗಾಗಿ! ಮೊದಲನೆಯ ಮಹಾಯುದ್ಧದಲ್ಲಿ ಮೀನುಗಾರಿಕೆಯು ಕುಗ್ಗಿದಾಗ ಆಡ್ರಿಯಾಟಿಕ್ ತೀರದ ಪೇಟೆಗಳಲ್ಲಿ ಭಕ್ಷಕ ಮೀನುಗಳ ಪಾಲು ಹೆಚ್ಚಿದ್ದಿತು. ಅದೇಕೆಂದು ಅವನ ಅಳಿಯ ಉಂಬೆರ್ಟೋ ಡಾಂಕೋನಾ ಕೇಳಿದ್ದನು. (ಅಮೆರಿಕೆಯ ಲೋಟ್ಕಾ 1925ರಲ್ಲಿಯೇ ಅವೇ ಸಮೀಕರಣಗಳನ್ನು ಪ್ರಕಟಿಸಿದ್ದನೆಂಬುದನ್ನು ಮರೆಯಲಾಗದು.)

ಲೆಕ್ಕದ ಮರ್ಮವಿದು: ಭಕ್ಷ್ಯದ ಸರಾಸರಿ ಸಂಖ್ಯೆಯು ಅದರ ಸ್ವಂತ ವೃದ್ಧಿವೇಗವನ್ನು ಅವಲಂಬಿಸದು, ಭಕ್ಷಕನ ಮರಣವೇಗವನ್ನು ಅವಲಂಬಿಸುವುದು. ಭಕ್ಷಕನ ಸರಾಸರಿಯಾದರೋ ಭಕ್ಷ್ಯದ ವೃದ್ಧಿವೇಗವನ್ನು ಅನುಸರಿಸುವುದು. ಈಗ ವಿಷವು ಇಬ್ಬರನ್ನೂ ಕೊಲ್ಲಲಿ. ಭಕ್ಷಕನ ಮರಣವೇಗವು ಏರುವುದು; ಆದುದರಿಂದ ಭಕ್ಷ್ಯದ ಸರಾಸರಿಯು ಏರುವುದು. ಭಕ್ಷ್ಯದ ವೃದ್ಧಿಯು ತಗ್ಗುವುದು. ಆದುದರಿಂದ ಭಕ್ಷಕನು ಕ್ಷೀಣಿಸುವನು. ಕಡಲಿನಲ್ಲಿ ಬಲೆಯು ಮಾಡುವುದೂ ವಿಷದ ಕೆಲಸವನ್ನೇ.

ಹವೆ, ವಲಸೆ, ಆಹಾರದ ಮಿತಿ, ಇವೊಂದೂ ಈ ಸಮೀಕರಣದೊಳಗಿಲ್ಲ. ಹೊಲವು ಅಷ್ಟು ಸರಳವಲ್ಲ. ಆದರೂ 1940ರ ದಶಕದಲ್ಲಿ ಅದೇ ಕ್ಯಾಲಿಫೋರ್ನಿಯದಲ್ಲಿ ಡಿ.ಡಿ.ಟಿ.ಯನ್ನು ಸಿಂಪಡಿಸಲು ಗುಲಗಂಜಿ ಹುಳುಗಳು ಸತ್ತು, ಅಡಗಿದ್ದ ಶಲ್ಕಕೀಟವು ಮತ್ತೆ ತಲೆಯೆತ್ತಿತು. ಸಿಂಪಡಣೆಯ ಕ್ರಮವನ್ನು ಬದಲಿಸಿದ ಮೇಲೆಯೇ ಗುಲಗಂಜಿ ಹುಳುಗಳು ಮರಳಿ ನೆಲೆಯೂರಿದವು.