ನಮ್ಮ ಬೆನ್ನಿಗೆ ಯಾರು ನಿಲ್ಲಬೇಕು?



ತುರ್ತು ವಿಭಾಗದಲ್ಲೇ ಕೂದಲು ನರೆತ ನರ್ಸ್ ಒಬ್ಬಳಿಗೆ ಆಂಬುಲೆನ್ಸ್ ಮತ್ತು ತುರ್ತು ಚಿಕಿತ್ಸಾ ಸಿಬ್ಬಂದಿಯ ಈ ಸಮ್ಮೇಳನದ ಅಧ್ಯಕ್ಷತೆ ಕೊಟ್ಟಿದ್ದೀರಿ. ಅದಕ್ಕೆ ನಾನು ಋಣಿ. ವಂದನೆಯ ಮಾತನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಮಧ್ಯಾಹ್ನದ ಗೋಷ್ಠಿಗೆ ಬಂದಿರುವ ಕರಡು ನಿರ್ಣಯಗಳಲ್ಲಿ ಮೂರನೆಯದನ್ನು ನೀವೆಲ್ಲ ಓದಿದ್ದೀರಿ. ಆಂಬುಲೆನ್ಸ್ ಮತ್ತು ತುರ್ತು ಚಿಕಿತ್ಸಾ ಸಿಬ್ಬಂದಿಗೆ ಆತ್ಮರಕ್ಷಣೆಗಾಗಿ ಬಂದೂಕು ಇಟ್ಟುಕೊಳ್ಳಲು ಪರವಾನಗಿ ಕೊಡಬೇಕು ಎಂದು ಅದು ಕೇಳುತ್ತದೆ. ನಾನು ಇಂದು ಮಾತಾಡುವುದು ಅದರ ಬಗ್ಗೆಯೇ.

ಈ ನಿರ್ಣಯ ತಂದವರು ಜಗಳಗಂಟರಲ್ಲ. ಅವರು ಬೆಂಗಳೂರಿನ ಶಿವಾಜಿನಗರದ ಸಂದಿಗಳಲ್ಲಿ ಸ್ಟ್ರೆಚರ್ ಹೊತ್ತವರು, ಟಿನ್ ಫ್ಯಾಕ್ಟರಿಯ ಬಳಿ ಸೈರನ್ ಹಾಕಿಕೊಂಡೇ ನಿಂತಲ್ಲೇ ನಿಂತು, ತಡವಾಗಿ ತಲುಪಿದ್ದಕ್ಕೆ ಕೆನ್ನೆಗೆ ಏಟು ತಿಂದವರು. ಇಂದಿರಾನಗರದಲ್ಲಿ ಶನಿವಾರ ರಾತ್ರಿ ಕುಡಿದು ಬಿದ್ದವನನ್ನು ಎತ್ತಲು ಹೋಗಿ ಅವನ ಗೆಳೆಯರಿಂದ ಒದೆ ತಿಂದವರೂ ಇಲ್ಲಿದ್ದಾರೆ. ಕೆ.ಆರ್. ಪುರದಲ್ಲಿ ಮಗ ಸತ್ತಿದ್ದಾನೆಂದು ಗೊತ್ತಿದ್ದರೂ ಹಾಗೆಂದು ಹೇಳುವ ಅಧಿಕಾರವಿಲ್ಲದೆ, ಆ ತಾಯಿಯ ಎದುರು ಎದೆ ಒತ್ತುತ್ತಲೇ ಆಸ್ಪತ್ರೆಯವರೆಗೆ ಹೋಗಿ, ಅಲ್ಲಿ ‘ನೀವೇ ಕೊಂದಿರಿ’ ಎಂಬ ಮಾತು ಕೇಳಿದವರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ಅದನ್ನು ಒಪ್ಪಿಕೊಂಡೇ, ಈ ನಿರ್ಣಯವನ್ನು ಕೈಬಿಡಿ ಎಂದು ಕೇಳಲು ನಿಂತಿದ್ದೇನೆ.

ನಿರ್ಣಯದ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಇದೇ ದಂಡು ಪ್ರದೇಶದಲ್ಲಿದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಪಡೆಯನ್ನು ಇಲ್ಲಿಗೆ ತಂದಾಗಿನಿಂದ ಈ ಭಾಗದಲ್ಲಿ ಮದ್ದೂ ಮದ್ದುಗುಂಡೂ ಅಕ್ಕಪಕ್ಕದಲ್ಲೇ ಇವೆ. ಹಲಸೂರು ಕೆರೆಯ ಪಕ್ಕ ಮದ್ರಾಸ್ ಸ್ಯಾಪರ್ಸ್ ಕೇಂದ್ರವಿದೆ, ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆಯಿದೆ. ಸೇನೆಯ ವೈದ್ಯಕೀಯ ಸಿಬ್ಬಂದಿ ಆಯುಧ ಹಿಡಿಯಬಹುದು. 1949ರ ಮೊದಲ ಜಿನೀವಾ ಒಪ್ಪಂದದ 22ನೇ ವಿಧಿಯೇ ಇದನ್ನು ಹೇಳುತ್ತದೆ. ತಮ್ಮನ್ನೂ ತಮ್ಮ ವಶದಲ್ಲಿರುವ ಗಾಯಾಳುಗಳನ್ನೂ ಕಾಯಲು ವೈದ್ಯಕೀಯ ಸಿಬ್ಬಂದಿ ಆಯುಧ ಬಳಸಿದರೆ ಅವರಿಗಿರುವ ರಕ್ಷಣೆ ತಪ್ಪಿಹೋಗುವುದಿಲ್ಲ. ಯುದ್ಧಭೂಮಿಯಲ್ಲಿ ಸಲ್ಲುವುದು ನಮ್ಮ ರಸ್ತೆಯಲ್ಲಿ ಏಕೆ ಸಲ್ಲದು ಎಂದು ನಮ್ಮ ತರುಣರು ಕೇಳಿದರೆ ಅದು ಉಡಾಫೆಯ ಪ್ರಶ್ನೆಯಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯ ಕೂಡ 2021ರಲ್ಲಿ, ತರಬೇತಿಯ ಷರತ್ತಿನೊಂದಿಗೆ, ಸಣ್ಣ ಊರುಗಳ ತುರ್ತು ಸೇವೆಯವರಿಗೆ ಕೈಬಂದೂಕಿನ ದಾರಿ ತೆರೆಯಿತು.

ಆದರೆ ಸೇನೆಯಲ್ಲಿ ಆ ಆಯುಧ ಪಡೆಯ ಆಯುಧ. ಲೆಕ್ಕ ಬರೆದು ಕೊಡುತ್ತಾರೆ, ಲೆಕ್ಕ ನೋಡಿ ವಾಪಸು ಪಡೆಯುತ್ತಾರೆ, ಅದನ್ನು ಹಿಡಿದವನ ಸುತ್ತ ಒಂದು ತುಕಡಿಯೇ ಇರುತ್ತದೆ. ಅಲ್ಲಿ ಗಾಯಾಳು ಒಳಗಿರುತ್ತಾನೆ, ಏರಿಬರುವವನು ಹೊರಗಿನವನು. ನಮ್ಮಲ್ಲಿ ಏರಿಬರುವವನು ಗಾಯಾಳುವಿನ ಅಣ್ಣ. ಬಹಳ ಸಲ ಗಾಯಾಳುವೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿರ್ಣಯ ಬರೆದವರು ಈ ಭಾಗವನ್ನು ಮುಟ್ಟಿಯೇ ಇಲ್ಲ. ನಮ್ಮ ಮೇಲೆ ಕೈಯೆತ್ತುವವರಲ್ಲಿ ಎಷ್ಟು ಜನ ಆ ಗಳಿಗೆಯಲ್ಲಿ ತಮ್ಮ ವಶದಲ್ಲಿ ತಾವಿರುತ್ತಾರೆ? ಸಕ್ಕರೆ ಕಾಯಿಲೆಯವನು ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟಿರುತ್ತಾನೆ. ರಕ್ತದ ಸಕ್ಕರೆ ಕುಸಿದು ಮೈ ಬೆವರುತ್ತದೆ, ಮಾತು ತೊದಲುತ್ತದೆ, ಹತ್ತಿರ ಹೋದವರನ್ನು ಪರಚುತ್ತಾನೆ, ಕಚ್ಚುತ್ತಾನೆ. ಮನೆಯವರು ‘ಕುಡಿದಿದ್ದಾನೆ’ ಎನ್ನುತ್ತಾರೆ. ಇದು ಕುಡಿತವಲ್ಲ ಎಂದು ಗೊತ್ತಿರುವ, ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿ ಬೆರಳಿಗೆ ಸೂಜಿ ಚುಚ್ಚಿ ಗ್ಲುಕೋಮೀಟರ್ ನೋಡುತ್ತಾಳೆ, ನಾಲ್ಕು ಜನರ ಕೈಯಲ್ಲಿ ಅವನನ್ನು ಹಿಡಿಸಿ ಡೆಕ್ಸ್‌ಟ್ರೋಸ್ ಏರಿಸುತ್ತಾಳೆ. ಕೆಲವೇ ನಿಮಿಷಗಳಲ್ಲಿ ಅದೇ ಮನುಷ್ಯ ಎದ್ದು ಕೂತು ‘ಏನಾಯ್ತಮ್ಮ?’ ಎಂದು ಕೇಳುತ್ತಾನೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ, ಫಿಟ್ಸ್ ಬಂದು ಈಗಷ್ಟೇ ನಿಂತು ಇನ್ನೂ ಮಂಪರಿನಲ್ಲಿರುವ ಹೆಂಗಸು, ಕುಡಿತ ಬಿಟ್ಟ ಮೂರನೇ ದಿನ ಗೋಡೆಯ ಮೇಲೆ ಹುಳ ಕಾಣುವ ಗಾರೆಯವನು, ಆಮ್ಲಜನಕ ಸಾಲದೆ ಮಾಸ್ಕ್ ಕಿತ್ತೆಸೆಯುವ ಅಜ್ಜ, ಇವರೆಲ್ಲರೂ ಹೊಡೆಯುತ್ತಾರೆ. ಹೊಡೆತವೇ ಅವರ ರೋಗದ ಲಕ್ಷಣ. ಅಂಥವನ ಎದುರು ಸೊಂಟದಲ್ಲಿ ಪಿಸ್ತೂಲು ಇದ್ದ ನಮ್ಮ ತಂಗಿಯೊಬ್ಬಳು ಭಯದಲ್ಲಿ ಅದನ್ನು ಎಳೆದಳು ಎಂದುಕೊಳ್ಳಿ. ಭಾರತೀಯ ನ್ಯಾಯ ಸಂಹಿತೆಯ 36ನೇ ಕಲಂ ಚಿತ್ತಸ್ವಾಸ್ಥ್ಯವಿಲ್ಲದವನ ವಿರುದ್ಧವೂ ಆತ್ಮರಕ್ಷಣೆಯ ಹಕ್ಕು ಕೊಡುತ್ತದೆ; ಕೋರ್ಟು ಅವಳನ್ನು ಬಿಟ್ಟೀತು. ಎರಡು ಬೆರಳಿನಷ್ಟು ಡೆಕ್ಸ್‌ಟ್ರೋಸ್‌ನಲ್ಲಿ ಬದುಕುತ್ತಿದ್ದವನನ್ನು ಕೊಂದೆ ಎಂಬುದನ್ನು ಹೊತ್ತುಕೊಂಡು ಅವಳು ಮರುದಿನ ಹೇಗೆ ಡ್ಯೂಟಿಗೆ ಬಂದಾಳು?

ಇನ್ನು ಆ ಪಿಸ್ತೂಲು ಯಾರ ಕೈಯಲ್ಲಿ ಉಳಿಯುತ್ತದೆ? ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುವಾಗ ಎರಡೂ ಕೈ ರೋಗಿಯ ಎದೆಯ ಮೇಲಿರುತ್ತವೆ, ಸೊಂಟ ಬಾಗಿರುತ್ತದೆ, ಬೆನ್ನ ಹಿಂದೆ ರೋಗಿಯ ಕಡೆಯವರು ಒತ್ತಿಕೊಂಡಿರುತ್ತಾರೆ. ಗಾಡಿಯೊಳಗೆ ಆಮ್ಲಜನಕದ ಸಿಲಿಂಡರ್ ಬೇರೆ. ಅಮೆರಿಕದ ಆಸ್ಪತ್ರೆಗಳಲ್ಲಿ 2000ರಿಂದ 2011ರವರೆಗೆ ನಡೆದ 154 ಗುಂಡಿನ ಪ್ರಕರಣಗಳನ್ನು ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯರು ಅಧ್ಯಯನ ಮಾಡಿದರು. ತುರ್ತು ವಿಭಾಗದೊಳಗೆ ನಡೆದವುಗಳಲ್ಲಿ ಶೇ 23ರಷ್ಟರಲ್ಲಿ ಸಿಡಿದದ್ದು ಕಾವಲಿನವರಿಂದ ಕಿತ್ತುಕೊಂಡ ಬಂದೂಕು. ಬಂದೂಕು ಹಿಡಿಯುವುದೇ ಕೆಲಸವಾದವರ ಪಾಡು ಅದು. ನಮ್ಮ ನೆರೆಯ ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ 2023ರ ಮೇ 10ರ ನಸುಕಿನಲ್ಲಿ ಡಾ. ವಂದನಾ ದಾಸ್ ಅವರನ್ನು ಕೊಂದ ಆಯುಧ ಹೊರಗಿನಿಂದ ಬಂದದ್ದಲ್ಲ. ಪೊಲೀಸರೇ ಚಿಕಿತ್ಸೆಗೆ ಕರೆತಂದಿದ್ದವನು ಆಸ್ಪತ್ರೆಯ ಕತ್ತರಿಯನ್ನೇ ಎತ್ತಿಕೊಂಡ. ಆ ಸುದ್ದಿ ಬಂದ ದಿನ ನಾನು ಟ್ರೇ ಜೋಡಿಸುತ್ತ ನಿಂತು ಅತ್ತೆ. ಕತ್ತರಿಯನ್ನೂ ಕೈಗೆಟುಕದಂತೆ ಇಡಿ ಎಂದು ಅಂದಿನಿಂದ ಎಳೆಯರಿಗೆ ಹೇಳುತ್ತ ಬಂದಿದ್ದೇನೆ. ಅದೇ ಕೋಣೆಗೆ ಬಂದೂಕನ್ನು ನಾನೇ ಹೇಗೆ ತರಲಿ?

ಇನ್ನೊಂದು ಮಾತು ಹಳೆಯದು. 1898ರಲ್ಲಿ ರೈಲಿನ ಜೊತೆ ಪ್ಲೇಗು ಬೆಂಗಳೂರಿಗೆ ಬಂತು. ಪೇಟೆಯಲ್ಲೂ ದಂಡಿನಲ್ಲೂ ಜನ ಹುಳುಗಳಂತೆ ಸತ್ತರು. ಅದಕ್ಕೂ ಒಂದು ವರ್ಷ ಮೊದಲು ಪುಣೆಯಲ್ಲಿ ರೋಗಿಗಳನ್ನು ಹುಡುಕಲು ಸೈನಿಕರನ್ನೇ ಮನೆಗಳೊಳಗೆ ನುಗ್ಗಿಸಿದ್ದರು. ಜನ ರೋಗಿಗಳನ್ನು ಬಚ್ಚಿಟ್ಟರು, ರೋಗಕ್ಕಿಂತ ಹೆಚ್ಚಾಗಿ ಪ್ಲೇಗು ಅಧಿಕಾರಿಗಳಿಗೆ ಹೆದರಿದರು. ಕೊನೆಗೆ ಪ್ಲೇಗು ಸಮಿತಿಯ ಅಧ್ಯಕ್ಷ ರ್‍ಯಾಂಡ್‌ಗೆ 1897ರ ಜೂನ್ 22ರ ರಾತ್ರಿ ಗುಂಡೇಟು ಬಿತ್ತು. ನಮ್ಮ ಶ್ರೀರಂಗಪಟ್ಟಣದ ಗಂಜಾಮಿನಲ್ಲೂ ಪ್ಲೇಗಿನ ಕಟ್ಟುಪಾಡಿನ ವಿರುದ್ಧ ಜನ ದಂಗೆ ಎದ್ದರು. ಮದ್ದು ಕೊಡುವವರು ಆಯುಧದ ಜೊತೆ ಬಾಗಿಲಿಗೆ ಬಂದರೆ ಬಾಗಿಲು ಮುಚ್ಚುತ್ತದೆ. 2020ರ ಏಪ್ರಿಲ್‌ನಲ್ಲಿ ಹೆಗಡೆ ನಗರದ ಬಳಿ ಕೋವಿಡ್ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಜನ ಕೈಮಾಡಿದ್ದು ಸಹ, ಈ ಮಾಹಿತಿ ಯಾವುದಕ್ಕೆ ಎಂಬ ಗುಮಾನಿಯಿಂದ. ಆಕೆಯ ಬಳಿ ರಿವಾಲ್ವರ್ ಇದ್ದಿದ್ದರೆ ಗುಮಾನಿ ಕಳೆಯುತ್ತಿತ್ತೇ? ಇಂದು ಹಲಸೂರಿನ ವಠಾರದಲ್ಲಾಗಲಿ ಶಿವಾಜಿನಗರದ ಗಲ್ಲಿಯಲ್ಲಾಗಲಿ ನಡುರಾತ್ರಿ ಗುರುತಿಲ್ಲದ ಇಬ್ಬರಿಗೆ ಮನೆಯ ಹೆಣ್ಣುಮಕ್ಕಳು ಮಲಗುವ ಕೋಣೆಯವರೆಗೆ ದಾರಿ ಬಿಡುತ್ತಾರೆ. ಅದು ನಮಗೆ ಸಂಬಳಕ್ಕಿಂತ ದೊಡ್ಡ ಗಳಿಕೆ.

ಹಾಗಾದರೆ ಏಟು ತಿನ್ನುತ್ತಲೇ ಇರಬೇಕೇ? ಇಲ್ಲ. ನನ್ನ ಮುಖ್ಯ ಮಾತು ಇದೇ. ಬಂದೂಕಿನ ಪರವಾನಗಿ ಕೊಡುವುದು ಸರ್ಕಾರಕ್ಕೆ ಬಹಳ ಅಗ್ಗದ ಕೆಲಸ. 1959ರ ಆಯುಧ ಕಾಯ್ದೆಯಡಿ ಅರ್ಜಿ ನಮ್ಮದು, ಖರ್ಚು ನಮ್ಮದು, ಗುಂಡು ಹಾರಿದರೆ ಕೇಸೂ ನಮ್ಮದೇ. ನಮ್ಮನ್ನು ಕಾಯುವ ಹೊಣೆಯನ್ನು ನಮ್ಮ ಸೊಂಟಕ್ಕೇ ಕಟ್ಟಿ ಕೈತೊಳೆದುಕೊಳ್ಳಲು ನಾವೇ ದಾರಿ ಮಾಡಿಕೊಡಬಾರದು. ಕೇಳುವುದಾದರೆ ಸರ್ಕಾರಕ್ಕೆ ಕಷ್ಟವಾಗುವುದನ್ನೇ ಕೇಳೋಣ.

2008ರ ನವೆಂಬರ್ 1ರಂದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾಯಿತು. ಮರುವರ್ಷವೇ, 2009ರಲ್ಲಿ, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು ರಾಜ್ಯ ಕಾಯ್ದೆ ತಂದಿತು. ಆಗ ಅದರಲ್ಲಿ ಬರೆದದ್ದು ಮೂರು ವರ್ಷದವರೆಗೆ ಜೈಲು, 50 ಸಾವಿರ ರೂಪಾಯಿವರೆಗೆ ದಂಡ, ಜಾಮೀನಿಲ್ಲದ ಅಪರಾಧ. ಕಾಗದದ ಮೇಲೆ ನಾವು ಅನಾಥರಲ್ಲ. ಆದರೆ ಏಟು ತಿಂದ ಆಂಬುಲೆನ್ಸ್ ಚಾಲಕ ಠಾಣೆಗೆ ಒಬ್ಬನೇ ಹೋಗುತ್ತಾನೆ, ಆ ದಿನದ ಕೂಲಿ ಕಳೆದುಕೊಳ್ಳುತ್ತಾನೆ, ರಾಜಿ ಮಾಡಿಕೊಂಡು ಬರುತ್ತಾನೆ. ಅವನು ಗುತ್ತಿಗೆ ನೌಕರ. ಗುತ್ತಿಗೆದಾರ ಇಲಾಖೆಯತ್ತ, ಇಲಾಖೆ ಗುತ್ತಿಗೆದಾರನತ್ತ ಬೆರಳು ತೋರಿಸುತ್ತದೆ. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರ ಮೇಲೆ ಅತ್ಯಾಚಾರ, ಕೊಲೆ ನಡೆದ ನಂತರ, 2024ರ ಆಗಸ್ಟ್‌ನಲ್ಲಿ, ಹಲ್ಲೆಯಾದ ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ದಾಖಲಿಸಬೇಕೆಂದು ಕೇಂದ್ರ ಆರೋಗ್ಯ ಇಲಾಖೆ ತನ್ನ ಆಸ್ಪತ್ರೆಗಳಿಗೂ ವೈದ್ಯಕೀಯ ಕಾಲೇಜುಗಳಿಗೂ ಸೂಚಿಸಿತು. ಹಳೇ ಮದ್ರಾಸ್ ರಸ್ತೆಯಲ್ಲಿ ಗಾಡಿಯ ಗಾಜು ಒಡೆಸಿಕೊಂಡವನಿಗೆ ಅಂಥ ಮುಖ್ಯಸ್ಥ ಯಾರು? ಹೆಸರು ಹೇಳಿ ಎಂದು ಕೇಳೋಣ.

108ಕ್ಕೆ ಬರುವ ಕರೆಯಲ್ಲಿ ಹೊಡೆದಾಟ, ಚಾಕು, ಕುಡಿತ ಎಂಬ ಮಾತು ಬಂದರೆ ಅದೇ ಕ್ಷಣ ಪೊಲೀಸರ 112ಕ್ಕೂ ಹೋಗಬೇಕು, ಅವರ ಹೊಯ್ಸಳ ಗಸ್ತು ಗಾಡಿ ನಮ್ಮ ಜೊತೆಗೇ ಹೊರಡಬೇಕು. ಅದು ಬರುವವರೆಗೆ ರಸ್ತೆಯ ತಿರುವಿನಲ್ಲಿ ಕಾಯುವ ಹಕ್ಕು ನಿಯಮದಲ್ಲಿ ಬರೆದಿರಬೇಕು, ಕಾದದ್ದಕ್ಕೆ ನೋಟಿಸು ಕೊಡಕೂಡದು. 2015ರಲ್ಲಿ ನಮ್ಮ ರಾಜ್ಯ ಬೈಕ್ ಆಂಬುಲೆನ್ಸ್ ತಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಅಪಘಾತದ ಜಾಗಕ್ಕೆ ಒಬ್ಬನೇ ಹೋಗಿ ಗುಂಪಿನ ನಡುವೆ ಮಂಡಿಯೂರುವವನ ಬೆನ್ನಿಗೆ ಯಾರು ಎಂದು ಯಾರೂ ಕೇಳಲಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಕಾಲ್ತುಳಿತಕ್ಕೆ ಸತ್ತಾಗ ಗಾಯಾಳುಗಳು ಬೌರಿಂಗ್ ಆಸ್ಪತ್ರೆಗೆ ಬಂದರು. ಅಂಥ ನೂಕುನುಗ್ಗಲಿನಲ್ಲಿ ಕೈಬಂದೂಕು ಯಾರನ್ನು ಕಾಯುತ್ತದೆ? ಅಲ್ಲಿ ಬೇಕಾಗಿದ್ದುದು ಸ್ಟ್ರೆಚರ್ ಹೋಗುವಷ್ಟು ದಾರಿ, ದಾರಿ ಬಿಡಿಸುವ ಪೊಲೀಸರು.

ಇಂಗ್ಲೆಂಡಿನಲ್ಲಿ ಆಂಬುಲೆನ್ಸ್ ಸಿಬ್ಬಂದಿಗೆ ಮೈಮೇಲೆ ಧರಿಸುವ ಕ್ಯಾಮೆರಾ ಕೊಟ್ಟಿದ್ದಾರೆ. ತುರ್ತು ಸೇವೆಯವರ ಮೇಲಿನ ಹಲ್ಲೆಗೆ 2018ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ, 2022ರಲ್ಲಿ ಗರಿಷ್ಠ ಶಿಕ್ಷೆಯನ್ನು ಎರಡು ವರ್ಷಕ್ಕೆ ಏರಿಸಿದರು. ಹೆರಿಗೆಯಂಥ ಕಡೆ ಕ್ಯಾಮೆರಾ ಮುಚ್ಚಿರಬೇಕೆಂಬ ಷರತ್ತಿನೊಂದಿಗೆ ನಾವೂ ಅದನ್ನು ಕೇಳಬಹುದು. ತುರ್ತು ವಿಭಾಗದ ಬಾಗಿಲಲ್ಲಿ ರೋಗಿಯ ಕಡೆಯವರಿಗೆ ಕನ್ನಡ, ತಮಿಳು, ಉರ್ದು, ತೆಲುಗಿನಲ್ಲಿ ಒಳಗೇನು ನಡೆಯುತ್ತಿದೆ ಎಂದು ಆಗಾಗ ಹೇಳಲು ಒಬ್ಬರಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ನನ್ನ ಅನುಭವದಲ್ಲಿ ಗಲಾಟೆ ಏಳುವುದು ಸಾವಿನಿಂದಲ್ಲ, ಸಾವಿನ ಮುಂಚಿನ ಮೌನದಿಂದ. ಇನ್ನು ಸಂಬಳ ತಿಂಗಳಿಗೆ ಸರಿಯಾಗಿ ಬರಬೇಕೆಂಬುದನ್ನು ರಕ್ಷಣೆಯ ಬೇಡಿಕೆಗಳಲ್ಲೇ ಸೇರಿಸಿ. ಎರಡು ಪಾಳಿ ಸೇರಿಸಿ ದುಡಿದು ಸೋತವರಿಗೆ ಬೈಗುಳ ನುಂಗಿ ಮೆತ್ತಗೆ ಮಾತಾಡುವ ತ್ರಾಣ ಎಲ್ಲಿಂದ ಬರಬೇಕು?

ಇಷ್ಟನ್ನೂ ಸೇರಿಸಿ ಮೂರನೇ ನಿರ್ಣಯಕ್ಕೆ ಒಂದು ತಿದ್ದುಪಡಿ ಬರೆದಿದ್ದೇನೆ. ಪ್ರತಿಗಳು ನಿಮ್ಮ ಕುರ್ಚಿಗಳ ಮೇಲಿವೆ. ಬಂದೂಕಿನ ಸಾಲು ತೆಗೆದಿದ್ದೇನೆ, ಹೊಯ್ಸಳ, ಕಾಯುವ ಹಕ್ಕು, ಸಂಸ್ಥೆಯೇ ದೂರು ಕೊಡುವ ಹೊಣೆ, 2009ರ ಕಾಯ್ದೆಯಲ್ಲಿ ಆಂಬುಲೆನ್ಸ್ ಸಿಬ್ಬಂದಿಯನ್ನು ಹೆಸರಿಟ್ಟು ಸೇರಿಸುವುದು ಒಳಬಂದಿವೆ. ಒಪ್ಪದವರು ಖಂಡಿತ ಎದ್ದು ವಾದಿಸಬೇಕು; ಅಧ್ಯಕ್ಷೆಯ ಮಾತೆಂದು ಯಾರೂ ಸುಮ್ಮನಿರಬೇಡಿ. ಊಟದ ನಂತರ ಚರ್ಚೆ ಶುರುವಾದಾಗ ಮೊದಲ ಸರದಿಯನ್ನು ಒಂಟಿಯಾಗಿ ರಾತ್ರಿ ಡ್ಯೂಟಿ ಮಾಡುವ ಬೈಕ್ ಆಂಬುಲೆನ್ಸ್‌ನವರಿಗೆ ಕೊಡುತ್ತೇನೆ. ಆಮೇಲೆ ಮತಕ್ಕೆ ಹಾಕೋಣ.