ಟ್ರ್ಯಾಕ್ಟರಿನ ಕನ್ನಡಿ: ಕಾಣುವ ದೂರ, ಇರುವ ದೂರ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಬೋಧಿಸುವವನಿಗೆ ಕನ್ನಡಿಯ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕಬ್ಬು ಬೆಳೆಯುವುದನ್ನು ಹೇಳಿಕೊಟ್ಟ ಮೇಲೆ, ಅದು ಕಾರ್ಖಾನೆಗೆ ಕ್ಷೇಮವಾಗಿ ತಲುಪುವ ಮಾತನ್ನೂ ಆಡಬೇಕಲ್ಲವೇ?

ಮನೆಯ ಸ್ಟೀಲ್ ಸೌಟಿನ ಬೆನ್ನಿನಲ್ಲಿ ಮುಖ ನೋಡಿಕೊಳ್ಳಿ. ಮುಖ ನೆಟ್ಟಗೆ, ಆದರೆ ಚಿಕ್ಕದಾಗಿ ಕಾಣುತ್ತದೆ. ಹಿಂದಿನ ಗೋಡೆ, ಬಾಗಿಲು, ಕಿಟಕಿಗಳೂ ಅದರಲ್ಲೇ ಅಡಕವಾಗಿರುತ್ತವೆ. ಟ್ರ್ಯಾಕ್ಟರಿನ ಪಕ್ಕದ ಉಬ್ಬುಗನ್ನಡಿಯೂ ಇದೇ ಜಾತಿಯದು. ಶಾಲೆಯ ಪುಸ್ತಕದಲ್ಲಿ ಇದನ್ನು ಪೀನ ದರ್ಪಣ ಎನ್ನುತ್ತಾರೆ. ಅದರ ಉಬ್ಬಿದ ಮೈ ಹಿಂದಿನ ರಸ್ತೆಯ ಹೆಚ್ಚು ಅಗಲವನ್ನು ಅಂಗೈಯಷ್ಟು ಗಾಜಿನಲ್ಲಿ ತೋರಿಸುತ್ತದೆ. ಚಪ್ಪಟೆ ಗಾಜಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಕನ್ನಡಿ ಒಡೆದಾಗ ಮುಖ ನೋಡುವ ಕನ್ನಡಿಯ ತುಂಡನ್ನು ಅಂಟಿಸಿಕೊಳ್ಳಬೇಡಿ.

ಈ ಲಾಭದ ಜೊತೆಗೆ ಒಂದು ಮೋಸವೂ ಇದೆ. ಚಿಕ್ಕದಾಗಿ ಕಂಡ ಲಾರಿಯನ್ನು ನಮ್ಮ ಕಣ್ಣು ದೂರದ ಲಾರಿ ಎಂದೇ ತಿಳಿಯುತ್ತದೆ. ಲೆಕ್ಕ ಹಾಕಿ ನೋಡೋಣ. ಕನ್ನಡಿಯ ವಕ್ರತಾ ತ್ರಿಜ್ಯ 120 ಸೆಂ.ಮೀ., ಅದು ನಿಮ್ಮ ಕಣ್ಣಿನಿಂದ 1 ಮೀಟರ್ ದೂರ ಎಂದಿಟ್ಟುಕೊಳ್ಳಿ. ಕನ್ನಡಿಗೆ 20 ಮೀಟರ್ ಹಿಂದಿರುವ ಲಾರಿ, ಬರಿಗಣ್ಣಿಗೆ 54 ಮೀಟರ್ ದೂರದ ಲಾರಿ ಎಷ್ಟು ಗಾತ್ರ ಕಾಣುವುದೋ ಅಷ್ಟೇ ಕಾಣುತ್ತದೆ! ನೀವು ಗಂಟೆಗೆ 20 ಕಿ.ಮೀ., ಲಾರಿ 60 ಕಿ.ಮೀ. ವೇಗದಲ್ಲಿದ್ದರೆ, ಅದು ಸೆಕೆಂಡಿಗೆ ಸುಮಾರು 11 ಮೀಟರ್ ಹತ್ತಿರವಾಗುತ್ತದೆ. ಬಲಕ್ಕೆ ತಿರುಗಲು ಐದು ಸೆಕೆಂಡ್ ಇದೆಯೆಂದು ನೀವು ಎಣಿಸಿದ್ದೀರಿ. ನಿಜವಾಗಿ ಇರುವುದು ಎರಡು ಸೆಕೆಂಡಿಗೂ ಕಡಿಮೆ. ಹೊಲದ ದಾರಿಗೆ ತಿರುಗುವ ಟ್ರ್ಯಾಕ್ಟರಿಗೆ ಅಷ್ಟು ಸಾಲುವುದಿಲ್ಲ. ಆದ್ದರಿಂದ ಕನ್ನಡಿಯಲ್ಲಿ ವಾಹನ ಇದೆಯೋ ಇಲ್ಲವೋ ನೋಡಿ. ಅದರ ದೂರವನ್ನು ಕತ್ತು ಹೊರಳಿಸಿ ಅಳೆಯಿರಿ.

ಹೆಡ್‌ಲೈಟಿನೊಳಗಿನ ಬಟ್ಟಲು ಸೌಟಿನ ಒಳಮೈ ಇದ್ದಂತೆ. ಬಲ್ಬು ತಕ್ಕ ಜಾಗದಲ್ಲಿ ಕುಳಿತರೆ ಬೆಳಕು ಚದುರದೆ ಮುಂದಕ್ಕೆ ಹೋಗುತ್ತದೆ. ಓರೆಯಾದರೆ ಎದುರಿನವರ ಕಣ್ಣು ಕುಕ್ಕುತ್ತದೆ.

ಕೆಲವರು ಕನ್ನಡಿಯನ್ನು ತಲೆ ಬಾಚಲೆಂದು ಒಳಕ್ಕೆ ತಿರುಗಿಸಿಕೊಂಡಿರುತ್ತಾರೆ. ಅವರಿಗೆ ಏನು ಹೇಳಲಿ! ಕಬ್ಬು ಟ್ರೈಲರಿನ ಅಗಲ ಮೀರಿ ಹೊರಚಾಚಿದರೂ ಕನ್ನಡಿ ಇದ್ದೂ ಇಲ್ಲದಂತೆಯೇ. ಕಣದಲ್ಲಿ ಹಿಂದಕ್ಕೆ ತೆಗೆಯುವಾಗಲಂತೂ ಟ್ರೈಲರಿನ ನೇರ ಬೆನ್ನಿಗಿರುವ ಮಗು ಯಾವ ಕನ್ನಡಿಯಲ್ಲೂ ಕಾಣದು. ಮೊದಲು ಇಳಿದು ಸುತ್ತ ನೋಡಿ, ದೊಡ್ಡವರೊಬ್ಬರನ್ನು ಪಕ್ಕದಲ್ಲಿ ನಿಮಗೆ ಕಾಣುವಂತೆ ನಿಲ್ಲಿಸಿ, ಆಮೇಲೆ ಗೇರು ಹಾಕಿ.