ಹತ್ತು ವರ್ಷದ ಮೇವು

(ಹೊಸೂರು ಕಡೆಯ ಒಂದು ಕಲಿಕಾ ಕೇಂದ್ರದಲ್ಲಿ ಹಾಲು ಹಾಕುವವರ ಮುಂದೆ ಆಡಿದ ಮಾತು)



ನಿಮ್ಮಲ್ಲಿ ಎಷ್ಟೋ ಜನ ಹಾಲು ಕರೆದು, ಡೇರಿಗೆ ಹಾಕಿ ಇಲ್ಲಿಗೆ ಬಂದಿದ್ದೀರಿ. ಹಾಲಿನ ಲೆಕ್ಕ ನಿಮಗೆ ಬಾಯಲ್ಲೇ ಇದೆ. ಎಷ್ಟು ಲೀಟರು, ಎಷ್ಟು ದುಡ್ಡು ಬರಬೇಕು, ಎಲ್ಲ ಹೇಳ್ತೀರಿ. ಮೇವಿನ ಲೆಕ್ಕ ಕೇಳಿದರೆ ಮಾತ್ರ, "ಏನೋ ಹಾಕ್ತೀವಿ, ಅದು ತಿನ್ನುತ್ತೆ" ಅಂತೀರಿ. ಇವತ್ತು ಆ ಲೆಕ್ಕ ಬರೆಯೋಣ. ಇವತ್ತಿನದಲ್ಲ. ಬರುವ ವರ್ಷದ್ದು, ಅದರಾಚೆಯ ವರ್ಷಗಳದ್ದು.

ಹಲಗೆ ನೋಡಿ. ಒಂದು ಸೀಮೆ ಹಸುವಿಗೆ ದಿನಕ್ಕೆ ಸುಮಾರು 6 ಕೆ.ಜಿ. ಒಣ ಹುಲ್ಲು ಬೇಕು. 30 ದಿನಕ್ಕೆ 180 ಕೆ.ಜಿ. 365 ದಿನಕ್ಕೆ 2,190 ಕೆ.ಜಿ. ಎರಡು ಟನ್ನಿಗೂ ಸ್ವಲ್ಪ ಮೇಲೆ. ನಮ್ಮ ಕಡೆ ಮಳೆ ಚೆನ್ನಾಗಿ ಆದರೆ ಒಂದು ಎಕರೆ ರಾಗಿ ಹೊಲದಲ್ಲಿ ಒಂದೂವರೆಯಿಂದ ಎರಡು ಟನ್ ಹುಲ್ಲು ಸಿಗುತ್ತದೆ. ಅಂದರೆ ಒಂದು ಹಸುವಿಗೆ ಒಂದು ಎಕರೆಗೂ ಮೇಲೆ ರಾಗಿ ಬೇಕು. ಎರಡು ಹಸುವಿಗೆ ಎರಡು ಎಕರೆಗೂ ಮೇಲೆ. ಅಷ್ಟು ರಾಗಿ ಯಾರ ಮನೆಯಲ್ಲಿದೆ? ಕೈ ಎತ್ತಿ.

ನೋಡಿದಿರಾ, ಕೈಗಳು ಕಡಿಮೆ.

ಮೊದಲು ಹೀಗಿರಲಿಲ್ಲ. ತಳಿ, ದೇನ್ಕನಿಕೋಟೆ, ಕೆಲಮಂಗಲ, ಬೇರಿಕೆ, ಎಲ್ಲಿ ಹೋದರೂ ರಾಗಿ ಹೊಲ. ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಕಾಳು ನಮಗೆ, ಹೊಟ್ಟು ದನಕ್ಕೆ. ಹುಚ್ಚೆಳ್ಳು ಗಾಣಕ್ಕೆ ಹೋದರೆ ಎಣ್ಣೆ ನಮಗೆ, ಹಿಂಡಿ ದನಕ್ಕೆ. ಮನೆಯ ಹಿಂದೆ ಮೆದೆ. ಹೆಣ್ಣು ಕೊಡುವವರು ಮೊದಲು ಮೆದೆ ನೋಡಿ ಆಮೇಲೆ ಹುಡುಗನನ್ನು ನೋಡುತ್ತಿದ್ದರು ಅಂತ ಹಿರಿಯರು ನಗುತ್ತಾ ಹೇಳುವುದುಂಟು.

ಈಗ ಆ ಹೊಲಗಳಲ್ಲಿ ಟೊಮ್ಯಾಟೊ ಇದೆ, ಕೋಸು ಇದೆ, ಗುಲಾಬಿ ಇದೆ. ಕೆಲವು ಕಡೆ ಸೈಟುಗಳ ಕಲ್ಲು ಇದೆ. ಹೂವು ಬೆಳೆದವರನ್ನು ನಾನು ಬೈಯುವುದಿಲ್ಲ. ರಾಗಿಗಿಂತ ಅದರಲ್ಲಿ ಕಾಸು ಜಾಸ್ತಿ. ಆದರೆ ಗುಲಾಬಿ ತೋಟದಲ್ಲಿ ಮೆದೆ ಹಾಕಲಿಕ್ಕೆ ಆಗುವುದಿಲ್ಲ. ಉಳಿದ ರಾಗಿಯನ್ನೂ ಮಿಷನ್ ಕೊಯ್ಯುತ್ತದೆ. ಆಳು ಉಳಿಯಿತು, ನಿಜ. ಹುಲ್ಲು ಮಾತ್ರ ನುರಿದು, ಮಣ್ಣು ಸೇರಿ, ಅರ್ಧ ಹೊಲದಲ್ಲೇ ಉಳಿಯುತ್ತದೆ.

ಇನ್ನೊಂದು ತಪ್ಪು ನಾವೇ ಮಾಡ್ತೀವಿ. ಸುಗ್ಗಿಯಲ್ಲಿ ಕೈಯಲ್ಲಿ ಕಾಸಿಲ್ಲ ಅಂತ ಹುಲ್ಲು ಮಾರುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಅದೇ ಹುಲ್ಲನ್ನು ಹೆಚ್ಚು ಬೆಲೆಗೆ ಕೊಳ್ಳುತ್ತೇವೆ. ನಮ್ಮ ಓದುವ ಗುಂಪಿನ ಒಬ್ಬ ಅಕ್ಕ ಇದನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟರು. ಮಾರಿದ್ದು ಒಂದು ಕಡೆ, ಕೊಂಡದ್ದು ಇನ್ನೊಂದು ಕಡೆ. ಕೂಡಿ ಕಳೆದು ನೋಡಿ, "ಅಯ್ಯೋ, ಎರಡು ತಿಂಗಳ ಹಾಲು ಹೀಗೇ ಹೋಯ್ತಲ್ಲಪ್ಪ" ಅಂದರು. ಈ ಸಲ ಅವರು ಮೆದೆ ಮಾರಿಲ್ಲ.

ಹುಲ್ಲು ಸಾಲದಾಗ ನಾವು ಫೀಡ್ ಚೀಲದ ಕಡೆ ನೋಡುತ್ತೇವೆ. ಚೀಲದಲ್ಲಿ ಏನಿದೆ? ಮುಸುಕಿನ ಜೋಳ, ಅಕ್ಕಿ ತವುಡು, ಗೋಧಿ ಬೂಸಾ, ಎಣ್ಣೆ ತೆಗೆದ ಹಿಂಡಿಗಳು, ಕಾಕಂಬಿ, ಉಪ್ಪು, ಖನಿಜದ ಪುಡಿ. ಇದರಲ್ಲಿ ಬಹಳಷ್ಟು ನಮ್ಮ ಜಿಲ್ಲೆಯದ್ದಲ್ಲ. ಸೋಯಾ ಹೆಚ್ಚಾಗಿ ಮಧ್ಯಪ್ರದೇಶ, ಮಹಾರಾಷ್ಟ್ರದಿಂದ ಬರಬೇಕು. ಜೋಳ ದಾವಣಗೆರೆ, ಹಾವೇರಿ ಕಡೆಯಿಂದ. ಆ ಜೋಳಕ್ಕೆ ನಾಮಕ್ಕಲ್ಲಿನ ಕೋಳಿಗಳೂ ಕಾದಿವೆ. ನಮ್ಮ ಹೊಸೂರಿನ ಹೆದ್ದಾರಿಯಲ್ಲೇ ಲಾರಿಗಳು ಆ ಕಡೆಗೆ ಇಳಿಯುತ್ತವೆ.

ಹಸು ಒಂದು ಬಾಯಿ, ಕೋಳಿ ಎರಡನೇ ಬಾಯಿ. ಈಗ ಮೂರನೇ ಬಾಯಿ ಬಂದಿದೆ. ಅದು ಗಾಡಿ. ಜೋಳದಿಂದ ಎಥನಾಲ್ ಎಂಬ ಸ್ಪಿರಿಟ್ ತೆಗೆದು ಪೆಟ್ರೋಲಿಗೆ ಬೆರೆಸುತ್ತಾರೆ. 2025ಕ್ಕೆ ನೂರು ಲೀಟರಿನಲ್ಲಿ 20 ಲೀಟರು ಬೆರೆಸುವ ಮಟ್ಟಕ್ಕೆ ದೇಶ ಬಂತು. ಜೋಳ ಬೆಳೆದವರಿಗೆ ಒಳ್ಳೆಯ ಬೆಲೆ ಬಂದರೆ ಸಂತೋಷವೇ. ಆದರೆ ಮೂರು ಬಾಯಿ ಒಂದೇ ತೆನೆಗೆ ನಿಂತಾಗ ಚೀಲದ ಬೆಲೆ ಇಳಿಯುತ್ತೆ ಅಂತ ಕಾಯುವುದು ಜಾಣತನವಲ್ಲ.

2021ರಲ್ಲಿ ಸೋಯಾ ಹಿಂಡಿಯ ಬೆಲೆ ಕೆಲವು ತಿಂಗಳಲ್ಲೇ ಎರಡು ಪಟ್ಟಾಯಿತು. ಕೊನೆಗೆ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಹಿಂಡಿಯನ್ನು ಹೊರದೇಶದಿಂದ ತರಲು ಒಪ್ಪಿಗೆ ಕೊಡಬೇಕಾಯಿತು. ಎಲ್ಲೋ ದೂರದ ಮಾತು ಅನ್ನಿಸುತ್ತದೆ. ಆದರೆ ಅಂಥ ಬೆಲೆ ನಮ್ಮ ಗೋದಲಿಯವರೆಗೂ ಬರುತ್ತದೆ.

ಚೀಲದ ಮಾತು ಬಂತಲ್ಲ, ಒಂದು ವಿಷಯ. ನಮ್ಮ ಕಡೆಯ ಚೀಲದ ಮೇಲೆ ತಮಿಳು ಇರುತ್ತದೆ, ಇಂಗ್ಲಿಷ್ ಇರುತ್ತದೆ, ಕನ್ನಡ ಅಪರೂಪ. "ಮಾಟ್ಟು ತೀವನಂ" ಅಂದರೆ ದನದ ಮೇವು, ಅದು ನಿಮಗೆ ಗೊತ್ತು. ಅಕ್ಷರ ಬರದಿದ್ದರೂ ಅಂಕಿ ಬರುತ್ತದೆ. ತಮಿಳು ಚೀಲಕ್ಕೂ ಇಂಗ್ಲಿಷ್ ಚೀಲಕ್ಕೂ ಅಂಕಿ ಒಂದೇ. ಪ್ರೋಟೀನ್ ಎಷ್ಟು ಅಂತ ಅಂಗಡಿಯವರ ಕೈಲಿ ತೋರಿಸಿಕೊಳ್ಳಿ. ಹಾಲು ಕೊಡುವ ಹಸುವಿನ ಚೀಲದಲ್ಲಿ ಅದು 20ರ ಆಸುಪಾಸು ಇರಬೇಕು. ತಯಾರಾದ ತಾರೀಖು ನೋಡಿ. ಐ.ಎಸ್.ಐ. ಗುರುತು ಇದೆಯೇ ನೋಡಿ. ಬೂಸ್ಟು ಹಿಡಿದ ಫೀಡು, ಬೂಸ್ಟು ಹಿಡಿದ ಹಿಂಡಿ ಬೇಡ. ಆ ಬೂಸ್ಟಿನ ವಿಷ ಹಾಲಿಗೂ ಇಳಿಯುತ್ತದೆ. ಹಾಲನ್ನು ಮಗು ಕುಡಿಯುತ್ತದೆ.

ಈಗ ಮತ್ತಿಗಿರಿಗೆ ಬನ್ನಿ. ಅಲ್ಲಿನ ಸರ್ಕಾರಿ ದನದ ಫಾರಂ ನೀವೆಲ್ಲ ನೋಡಿದ್ದೀರಿ. ಅದು ಶುರುವಾದದ್ದು 1824ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯವರು ಸೈನ್ಯದ ಕುದುರೆಗಳಿಗಾಗಿ ಮಾಡಿದರು. 1924ರಲ್ಲಿ ಅದು ದನದ ಫಾರಂ ಆಯಿತು. 1,600 ಎಕರೆಗೂ ಹೆಚ್ಚು ಜಾಗ. ಕುದುರೆ ಸಾಕಲು ಅಷ್ಟು ಜಾಗ ಯಾಕೆ ಬೇಕಾಯಿತು? ಕಟ್ಟಲು ಲಾಯ ಸಾಕು, ಮೇಯಲು ನೆಲ ಬೇಕು. ಕಂಪನಿಯವರು ನಮ್ಮ ಹಿತ ನೋಡಿದವರಲ್ಲ. ಆದರೂ ಕುದುರೆಗೆ ಮೊದಲು ಹುಲ್ಲಿನ ನೆಲ ಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ನಾವು ಸಾಲ ಮಾಡಿ ಹಸು ತರುತ್ತೇವೆ, ಹುಲ್ಲಿನ ಯೋಚನೆ ಆಮೇಲೆ ಮಾಡುತ್ತೇವೆ.

ಹಾಗಾದರೆ ಏನು ಮಾಡೋಣ? ಬೋರ್‌ವೆಲ್ ನೀರು ಸ್ವಲ್ಪ ಇರುವವರು 10, 15 ಸೆಂಟು ಜಾಗವನ್ನು ಹಸಿರು ಮೇವಿಗೇ ಬಿಡಿ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ಸಿ.ಓ.-4 ಎಂಬ ನೇಪಿಯರ್ ಹುಲ್ಲನ್ನು 2008ರಲ್ಲಿ ಕೊಟ್ಟರು. ಒಂದು ಸಲ ಕಡ್ಡಿ ನೆಟ್ಟರೆ ವರ್ಷಗಟ್ಟಲೆ ಕೊಯ್ಯಬಹುದು. ಗೊಬ್ಬರ, ನೀರು ಸರಿಯಾಗಿದ್ದರೆ ಅಷ್ಟು ಜಾಗ ಒಂದು ಹಸುವಿಗೆ ಆಗುತ್ತದೆ. ಬರೀ ನೇಪಿಯರ್ ಸಾಲದು. ಬೇಲಿಯಲ್ಲಿ ಅಗಸೆ ಹಾಕಿ, ಸಾಲಿನ ಮಧ್ಯೆ ಅಲಸಂದೆ ಹಾಕಿ. ಹಿಂಡಿಯ ಖರ್ಚು ಅಷ್ಟು ಇಳಿಯುತ್ತದೆ.

ನೀರಿಲ್ಲದವರು ಇರುವ ಹುಲ್ಲನ್ನು ಬಲ ಮಾಡಿಕೊಳ್ಳಿ. 100 ಕೆ.ಜಿ. ಒಣ ಹುಲ್ಲಿಗೆ 4 ಕೆ.ಜಿ. ಯೂರಿಯಾ, 50 ಲೀಟರ್ ನೀರು. ಯೂರಿಯಾ ಪೂರ್ತಿ ಕರಗಬೇಕು. ಪದರ ಪದರವಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ಪ್ಲಾಸ್ಟಿಕ್ ಹೊದಿಸಿ ಮೂರು ವಾರ ಬಿಡಿ. ತೆಗೆದ ಮೇಲೆ ಗಾಳಿಗೆ ಹರಡಿ, ಘಾಟು ಹೋದ ಮೇಲೆ ಹಾಕಿ. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾವನ್ನು ನೀರಿನಲ್ಲಿ ಕದಡಿ ನೇರ ಕುಡಿಸಿದರೆ ದನ ಸಾಯುತ್ತದೆ. ಮೊದಲ ಸಲ ಪಶು ವೈದ್ಯರನ್ನು ಕೇಳಿಯೇ ಮಾಡಿ.

ಇವು ಮನೆಯ ಕೆಲಸ. ಊರಿನ ಕೆಲಸವೂ ಇದೆ. 2016ರ ಹಿಂಗಾರು ಕೈಕೊಟ್ಟು, 2017ರ ಜನವರಿಯಲ್ಲಿ ತಮಿಳುನಾಡಿನ ಎಲ್ಲ ಜಿಲ್ಲೆಗಳನ್ನೂ ಬರ ಅಂತ ಸಾರಿದರು. ಅಂಥ ವರ್ಷ ಮತ್ತೆ ಬರುತ್ತದೆ. ಆಗ ಒಬ್ಬೊಬ್ಬರೇ ಹುಲ್ಲು ಹುಡುಕಿದರೆ ದಲ್ಲಾಳಿ ಹೇಳಿದ್ದೇ ಬೆಲೆ. ಸುಗ್ಗಿಯಲ್ಲೇ ಹಾಲಿನ ಸಂಘವೋ ಮಹಿಳಾ ಸಂಘವೋ ಹುಲ್ಲು ಕೊಂಡು ಒಂದು ಮೆದೆ ಹಾಕಿದರೆ? ಜೋಳ ಹಾಲುಗಾಳು ಆದಾಗ ಕೊಯ್ದು, ಕತ್ತರಿಸಿ, ಗಾಳಿಯಾಡದಂತೆ ಡ್ರಮ್ಮಿನಲ್ಲಿ ತುಂಬಿ ರಸಮೇವು ಮಾಡಿದರೆ? 45 ದಿನಕ್ಕೆ ಹದವಾಗುತ್ತದೆ, ಮುಚ್ಚಳ ತೆಗೆಯದಿದ್ದರೆ ಬೇಸಿಗೆಯವರೆಗೂ ಇರುತ್ತದೆ. ಕೃಷ್ಣಗಿರಿಯಲ್ಲಿ ಮಾವಿನ ರಸ ತೆಗೆಯುವ ಫ್ಯಾಕ್ಟರಿಗಳಿವೆ. ಸಿಪ್ಪೆ ರಾಶಿ ರಾಶಿ ಬೀಳುತ್ತದೆ. ತಾಜಾ ಸಿಪ್ಪೆಯನ್ನು ಒಣ ಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪ ಕೊಡಬಹುದು. ಒಮ್ಮೆಲೇ ಸುರಿದರೆ ಹೊಟ್ಟೆ ಕೆಡುತ್ತದೆ. ಇದನ್ನು ಫ್ಯಾಕ್ಟರಿಯವರ ಹತ್ತಿರ ಒಬ್ಬರು ಹೋಗಿ ಕೇಳಿದರೆ ನಡೆಯದು, ಸಂಘ ಕೇಳಬೇಕು.

ದನ ಮೇಯುವ ಪೊರಂಬೋಕು ಜಾಗ ನಿಮ್ಮೂರಲ್ಲಿ ಎಷ್ಟು ಉಳಿದಿದೆ? ಗ್ರಾಮ ಸಭೆಯಲ್ಲಿ ಕೇಳಿ. ಬಾಯಲ್ಲಿ ಕೇಳಿದರೆ ಸಭೆಯ ಜೊತೆ ಮಾತೂ ಮುಗಿಯುತ್ತದೆ. ಬರೆದು ಕೊಡಿ, ರುಜು ಹಾಕಿ ಕೊಡಿ. ಹೆಬ್ಬೆಟ್ಟು ಬಿಟ್ಟು ರುಜು ಕಲಿತದ್ದು ಇಂಥದ್ದಕ್ಕೇ ಅಲ್ಲವೇ?

ಬರುವ ವಾರ ಬರುವಾಗ ಎಲ್ಲರೂ ಒಂದು ಹಾಳೆ ತನ್ನಿ. ಮನೆಯಲ್ಲಿ ಎಷ್ಟು ದನ, ಮೆದೆಯಲ್ಲಿ ಎಷ್ಟು ಹುಲ್ಲು, ಯಾವ ತಿಂಗಳಿಗೆ ಮುಗಿಯುತ್ತದೆ, ಇಷ್ಟು ಬರೆದರೆ ಸಾಕು. ಕಾಗುಣಿತ ತಪ್ಪಾದರೂ ಪರವಾಗಿಲ್ಲ. ಎಲ್ಲ ಹಾಳೆ ಜೋಡಿಸಿ, ನಮ್ಮೂರಿಗೆ ಎಷ್ಟು ಟನ್ ಕಡಿಮೆ ಬೀಳುತ್ತದೆ ಅಂತ ಇದೇ ಹಲಗೆಯ ಮೇಲೆ ಕೂಡೋಣ.